ತಪ್ಪು ಅಚ್ಚಿನದೋ, ಅರದ್ದೋ?

ಮಾನ್ಯ ಸಂಪಾದಕರೇ,

ವೈಷ್ಣೋದೇವಿ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಬೆಲೆ, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿಗೆ ಅದಕ್ಕೂ ಹೆಚ್ಚು ಎಂಬ ಸಂದೇಶಗಳು ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇವೆ. ಇದರ ಹಿಂದೆಯೇ ಇನ್ನೊಂದು ಆಸೆ ಹಬ್ಬಿದೆ: ಅಚ್ಚು ತಪ್ಪಿದ ನಾಣ್ಯ, ಅಂದರೆ ಸಂಗ್ರಾಹಕರು ‘ಎರರ್ ಕಾಯಿನ್’ ಎನ್ನುವ ನಾಣ್ಯ ಸಿಕ್ಕರೆ ಸಾಕು, ಮನೆ ಕಟ್ಟಬಹುದು ಎಂಬ ಆಸೆ. ದೇವರಾಜ ಮಾರುಕಟ್ಟೆಯ ಗಲ್ಲಾ ಪೆಟ್ಟಿಗೆಯಲ್ಲಾಗಲಿ, ಮಂಡ್ಯದ ಸಂತೆಯ ಚಿಲ್ಲರೆಯಲ್ಲಾಗಲಿ ನಿಜವಾಗಿ ಅಚ್ಚು ತಪ್ಪಿದ ನಾಣ್ಯ ಸಿಗುವುದಿಲ್ಲವೆಂದಲ್ಲ, ಸಿಗುತ್ತದೆ. ಆದರೆ ಅಂಥ ಒಂದು ಕೈಗೆ ಬರುವಷ್ಟರಲ್ಲಿ ಅರದಲ್ಲಿ ಉಜ್ಜಿದ, ವೈಸಿನಲ್ಲಿ (ತಿರುಪು ಹಾಕಿ ಬಿಗಿಯುವ ಕಬ್ಬಿಣದ ಇಕ್ಕಳದಲ್ಲಿ) ಒತ್ತಿದ, ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ಹತ್ತು ನಾಣ್ಯ ಕೈ ದಾಟಿರುತ್ತವೆ. ಎರಡನ್ನೂ ಬೇರ್ಪಡಿಸುವ ಬಗೆಯನ್ನು ತಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ. ವಿಷಯ ಹಿಡಿಯುವಷ್ಟು ಉದ್ದವಾಗಿದೆ, ಕ್ಷಮಿಸಿ.

ನಾವು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ನಾಣ್ಯದಲ್ಲಿ ಕಾಣುವ ದೋಷ ಟಂಕಸಾಲೆಯ ಯಾವ ಹಂತದಲ್ಲಿ ಆಯಿತು ಎಂದು ಹೇಳಲಾಗದಿದ್ದರೆ, ಅದಕ್ಕೆ ಮುಖಬೆಲೆಗಿಂತ ಒಂದು ಪೈಸೆ ಹೆಚ್ಚು ಕೊಡಬೇಡಿ. ಹಾಗಾಗಿ ಮೊದಲು ಟಂಕಸಾಲೆಯ ಕೆಲಸ ತಿಳಿದಿರಬೇಕು.

ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೃದು ಮಾಡಿ, ತೊಳೆದು ಒಣಗಿಸುತ್ತಾರೆ. ಸುತ್ತಲೂ ಒತ್ತಿ ಅಂಚನ್ನು ತುಸು ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತಲೂ ಕಾಲರ್ ಎಂಬ ಉಕ್ಕಿನ ಬಳೆ. ಒಂದೇ ಏಟಿಗೆ ಎರಡು ಮುಖವೂ ಮೂಡುತ್ತವೆ. ಲೋಹ ಹೊರಕ್ಕೆ ಹರಡದಂತೆ ಕಾಲರ್ ತಡೆಯುತ್ತದೆ. ಕೊನೆಗೆ ಎಣಿಕೆ, ಚೀಲ. ಬಿಲ್ಲೆಯ ತಪ್ಪು, ಅಚ್ಚಿನ ತಪ್ಪು, ಏಟಿನ ತಪ್ಪು ಎಂಬ ಮೂರೇ ಕುಲ. ನಾಲ್ಕನೆಯದೇನಾದರೂ ಕಂಡರೆ ಅದು ಹೊರಗೆ ಬಂದ ಮೇಲೆ ಆದದ್ದು.

ಇಲ್ಲೇ ಒಂದು ಸ್ಥಳೀಯ ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇವೆ. ಮೈಸೂರಿನಲ್ಲಿ ಅಚ್ಚಾಗುವುದು ನೋಟು, ನಾಣ್ಯವಲ್ಲ. ಭಾರತದ ನಾಣ್ಯ ಟಂಕಿಸುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದಲ್ಲಿ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ‘ಗುರುತೇ ಬಿಟ್ಟುಹೋಗಿದೆ, ಎರರ್’ ಎಂದು ಕೋಲ್ಕತ್ತದ ಸಾಧಾರಣ ನಾಣ್ಯವನ್ನು ಮಾರುವವರಿದ್ದಾರೆ. ಸಂಗ್ರಾಹಕರಿಗಾಗಿ ಮಾಡಿದ ಮುಂಬೈ ನಾಣ್ಯಗಳಲ್ಲಿ ಕಾಣುವ ಇಂಗ್ಲಿಷಿನ ಎಮ್ ಅಕ್ಷರವನ್ನು ಮೈಸೂರಿನ ಗುರುತು ಎನ್ನುವವರೂ ಇದ್ದಾರೆ. ಎರಡನ್ನೂ ನಂಬಬೇಡಿ.

ಪರೀಕ್ಷೆಗೆ ಬೇಕಾದ ಸಾಮಾನು ನಾಲ್ಕು: 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಒಂದು ಅಯಸ್ಕಾಂತ. ಅಕ್ಕಸಾಲಿಗರ ಸಲಕರಣೆ ಮಾರುವ ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಒಂದೇ ಕಡೆ ಸಿಕ್ಕೀತು. ಇವಿಲ್ಲದೆ ಫೋಟೊ ನೋಡಿ ಬೆಲೆ ಹೇಳುವವರ ಮಾತಿಗೆ ತೂಕವಿಲ್ಲ.

ಮೊದಲು ತೂಕ ಮತ್ತು ಅಗಲ. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ. ಅಗಲ, 4.85 ಗ್ರಾಂ. 2011ರ ಸರಣಿಯ ಒಂದು ರೂಪಾಯಿ 22 ಮಿ.ಮೀ., 3.79 ಗ್ರಾಂ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಈ ಚಿಕ್ಕ ಒಂದು ರೂಪಾಯಿಯ ಅಳತೆ, ತೂಕ ಎರಡೂ ಹಳೆಯ ಸ್ಟೀಲ್ ಐವತ್ತು ಪೈಸೆಯದೇ. 2011ರ ಎರಡು ರೂಪಾಯಿಯ ಅಳತೆ ಹಳೆಯ ಒಂದು ರೂಪಾಯಿಯದು. ಹಾಗಾಗಿ ‘ಐವತ್ತು ಪೈಸೆಯ ಬಿಲ್ಲೆಗೆ ಒಂದು ರೂಪಾಯಿ ಅಚ್ಚು ಬಿದ್ದಿದೆ’ ಎಂದು ತಂದು ತೋರಿಸುವ ನಾಣ್ಯ ಬಹುತೇಕ ಸರ್ಕಾರವೇ ನಿಗದಿ ಮಾಡಿದ ಅಳತೆಯದ್ದು. 2019ರ ಸರಣಿಯಲ್ಲಿ ಮತ್ತೆ ಎಲ್ಲ ಬದಲಾಯಿತು: ಒಂದು ರೂಪಾಯಿ 20 ಮಿ.ಮೀ., 3.09 ಗ್ರಾಂ; ಎರಡು ರೂಪಾಯಿ 23 ಮಿ.ಮೀ., 4.07 ಗ್ರಾಂ, ಐದು ರೂಪಾಯಿ 25 ಮಿ.ಮೀ., 6.74 ಗ್ರಾಂ, ಹತ್ತು ರೂಪಾಯಿ 27 ಮಿ.ಮೀ., 7.74 ಗ್ರಾಂ. ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಯೂ 27 ಮಿ.ಮೀ., ಆದರೆ 8.54 ಗ್ರಾಂ. ಹಳೆಯ ದಪ್ಪನೆಯ ಐದು ರೂಪಾಯಿ 9 ಗ್ರಾಂ. ಆಮೇಲೆ ಬಂದ ಸ್ಟೀಲಿನದೂ ಹಿತ್ತಾಳೆ ಬಣ್ಣದ್ದೂ 6 ಗ್ರಾಂ. ಐದು ರೂಪಾಯಿ ತೆಳ್ಳಗಿದೆ ಎಂದಮಾತ್ರಕ್ಕೆ ಅದು ತಪ್ಪು ಬಿಲ್ಲೆಯಲ್ಲ.

ಕೈಯಲ್ಲಿರುವುದು ಅನುಮಾನಾಸ್ಪದವಾಗಿದ್ದರೆ ಅದೇ ಮುಖಬೆಲೆಯ, ಅದೇ ಇಸವಿಯ ಹತ್ತು ಸಾಧಾರಣ ನಾಣ್ಯ ತೂಗಿ ಸರಾಸರಿ ತೆಗೆಯಿರಿ. ಸವೆತದಿಂದ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ನಿಜವಾಗಿ ತಪ್ಪು ಬಿಲ್ಲೆಗೆ ಬಿದ್ದಿದ್ದರೆ ವ್ಯತ್ಯಾಸ ಅಷ್ಟಕ್ಕೆ ನಿಲ್ಲುವುದಿಲ್ಲ, ಬೇರೊಂದು ನಾಣ್ಯದ ತೂಕಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಯಾವ ನಾಣ್ಯದ ತೂಕಕ್ಕೂ ಹೊಂದದೆ ನಡುವೆ ಎಲ್ಲೋ ನಿಂತರೆ ಅರದ ಕೆಲಸವೆಂದು ಅನುಮಾನಿಸಿ.

ಅಯಸ್ಕಾಂತ ಲೋಹದ ಜಾತಿ ಹೇಳುತ್ತದೆ. ನಮ್ಮ ಸ್ಟೀಲ್ ನಾಣ್ಯಗಳು ಅಂಟುತ್ತವೆ. ತಾಮ್ರ-ನಿಕ್ಕಲ್ ಮಿಶ್ರಣದವು, ಹಿತ್ತಾಳೆ ಬಣ್ಣದವು ಅಂಟುವುದಿಲ್ಲ. ಅರವತ್ತರ ದಶಕದ ದೊಡ್ಡ ಒಂದು ರೂಪಾಯಿ ಅಂಟಿದರೆ ಗಾಬರಿ ಬೇಡ, ಅದು ಶುದ್ಧ ನಿಕ್ಕಲ್, ನಿಕ್ಕಲ್ ಅಂಟುತ್ತದೆ. ಚಿನ್ನದ ಬಣ್ಣದ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟಿ, ಸರಿಯಾದ ತೂಕವನ್ನೇ ತೋರಿದರೆ ಅದಕ್ಕೆ ಯಾರೋ ಲೇಪ ಕೊಡಿಸಿದ್ದಾರೆ, ಅಷ್ಟೇ.

ಇನ್ನು ಒಂದೊಂದೇ ದೋಷಕ್ಕೆ ಬರೋಣ. ತುಂಡಾದ ಬಿಲ್ಲೆಯ ನಾಣ್ಯದಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ನಕಲು ಮಾಡುವುದು ಸುಲಭ, ಪತ್ತೆ ಮಾಡುವುದೂ ಸುಲಭ. ಪಟ್ಟಿ ಮುಂದೆ ಸರಿಯದೆ ನಿಂತಾಗ, ಆಗಲೇ ಕತ್ತರಿಸಿದ ತೂತಿನ ಮೇಲೆಯೇ ಅಂಚು ತಾಗುವಂತೆ ಮತ್ತೊಮ್ಮೆ ಕತ್ತರಿ ಬೀಳುತ್ತದೆ. ಬಿಲ್ಲೆಯ ಒಂದು ಪಕ್ಕ ಕಚ್ಚಿ ತಿಂದ ಬಿಸ್ಕತ್ತಿನಂತಾಗುತ್ತದೆ. ಪಟ್ಟಿಯ ತುದಿಯಲ್ಲಿ ಕತ್ತರಿ ಬಿದ್ದರೆ ನೇರವಾದ ತುಂಡು. ಇಂಥ ನಾಣ್ಯ ಬಂದರೆ ಮೊದಲು ನೋಡಬೇಕಾದ್ದು ತುಂಡಾದ ಜಾಗವನ್ನಲ್ಲ, ಅದಕ್ಕೆ ನೇರ ಎದುರಿನ ಅಂಚನ್ನು. ಅಂಚೆತ್ತುವ ಯಂತ್ರದಲ್ಲಿ ಬಿಲ್ಲೆ ಎರಡು ಕಡೆಯಿಂದ ಒತ್ತಡ ಪಡೆಯಬೇಕು. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ನಿಜವಾದ ನಾಣ್ಯದಲ್ಲಿ ಎದುರಿನ ಅಂಚು ಮಂಕಾಗಿ, ಸಮತಟ್ಟಾಗಿ ಕಾಣುತ್ತದೆ. ಸಂಗ್ರಾಹಕರು ಇದನ್ನು ಬ್ಲೇಕ್ಸ್ಲಿ ಪರಿಣಾಮ ಎನ್ನುತ್ತಾರೆ. ತುಂಡಿನ ಪಕ್ಕದ ಅಕ್ಷರಗಳೂ ಗಮನಿಸಬೇಕಾದವು. ಏಟು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿಯುವುದರಿಂದ ಅವು ಅತ್ತ ಎಳೆದಂತೆ, ಕರಗಿದಂತೆ ಇರುತ್ತವೆ. ಅರದಲ್ಲಿ ತೆಗೆದದ್ದಾದರೆ ಅಕ್ಷರ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧಕ್ಕೇ ನಿಲ್ಲುತ್ತದೆ, ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ, ಲೂಪಿನಲ್ಲಿ ಅರದ ಗೀರು ಕಾಣುತ್ತದೆ. ತೂಕವೂ ಸಾಕ್ಷಿ: 4.85 ಗ್ರಾಂ ನಾಣ್ಯದ ನೂರಕ್ಕೆ ಐದು ಪಾಲು ಜಾಗ ಹೋಗಿದ್ದರೆ 4.6 ಗ್ರಾಂ ಆಸುಪಾಸು ತೂಗಬೇಕು.

ಆಫ್ ಸೆಂಟರ್ ನಾಣ್ಯಕ್ಕೆ ಬೇಡಿಕೆ ಹೆಚ್ಚು. ಬಿಲ್ಲೆ ಸರಿಯಾಗಿ ಕೂರುವ ಮೊದಲೇ ಏಟು ಬಿದ್ದು, ಚಿತ್ರ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದಲ್ಲಿ ಖಾಲಿ ಲೋಹ ಅರ್ಧಚಂದ್ರದಂತೆ ಉಳಿಯುತ್ತದೆ. ಎಷ್ಟು ಸರಿದಿದೆ ಎಂದು ಅಳೆಯಬೇಕು. ಖಾಲಿ ಅರ್ಧಚಂದ್ರದ ಅತಿ ಅಗಲವಾದ ಜಾಗವನ್ನು ಕ್ಯಾಲಿಪರಿನಲ್ಲಿ ಹಿಡಿದು, ನಾಣ್ಯದ ನಿಗದಿತ ಅಗಲದಿಂದ ಭಾಗಿಸಿ. 25 ಮಿ.ಮೀ. ನಾಣ್ಯದಲ್ಲಿ 5 ಮಿ.ಮೀ. ಖಾಲಿಯಿದ್ದರೆ ಶೇ. 20. ಶೇ. 5ಕ್ಕಿಂತ ಕಡಿಮೆಯಾದರೆ ಅಂಚು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಎನ್ನುವಷ್ಟೇ, ಖರ್ಚು ಮಾಡಿಬಿಡಿ. ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವುದು ಅರ್ಧದಷ್ಟು ಸರಿದು, ಇಸವಿ ಪೂರ್ತಿ ಉಳಿದು, ಟಂಕಸಾಲೆಯ ಗುರುತೂ ಕಾಣುವ ನಾಣ್ಯಕ್ಕೆ. ಶೇ. 80-90 ಸರಿದದ್ದು ನೋಡಲು ಅಬ್ಬಾ ಎನಿಸಿದರೂ ಇಸವಿ ಹೋಗಿದ್ದರೆ ಬೆಲೆ ಇಳಿಯುತ್ತದೆ. ಎರಡು ಮುಖವೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿರಬೇಕು ಎಂಬುದನ್ನು ಮರೆಯಬೇಡಿ, ಏಕೆಂದರೆ ಎರಡೂ ಅಚ್ಚು ಒಂದೇ ಕ್ಷಣಕ್ಕೆ ಬೀಳುತ್ತವೆ. ಒಂದು ಮುಖ ಮಾತ್ರ ಸರಿದಿದ್ದರೆ ಅದು ಅಚ್ಚನ್ನು ಓರೆಯಾಗಿ ಕೂರಿಸಿದ್ದರಿಂದ ಆದದ್ದು, ಬೇರೆ ಜಾತಿ, ಬೆಲೆ ಬೇರೆ.

ಕಾಲರ್ ಮೇಲೇಳದೆ ಏಟು ಬಿದ್ದರೆ ಲೋಹ ಸುತ್ತಲೂ ಹರಡಿ ನಾಣ್ಯ ಅಗಲವಾಗುತ್ತದೆ. ತೂಕ ಬದಲಾಗುವುದಿಲ್ಲ. ರೈಲು ಹಳಿಯ ಮೇಲಿಟ್ಟ ನಾಣ್ಯದ ತೂಕವೂ ಬದಲಾಗುವುದಿಲ್ಲ ಎನ್ನುವುದೇ ಇಲ್ಲಿನ ತೊಡಕು. ಹಳಿಯದ್ದು ಒಂದೇ ದಿಕ್ಕಿಗೆ ಉದ್ದವಾಗಿ, ಸಿಂಹದ ಮುಖ ಸೋರೆಕಾಯಿಯಂತೆ ಎಳೆದಿರುತ್ತದೆ. ಕಾಲರ್ ತಪ್ಪಿದ್ದರಲ್ಲಿ ನಡುವಿನ ಚಿತ್ರ ತೀಡಿದಂತೆ ಸ್ವಚ್ಛ, ಅಂಚಿನ ಅಕ್ಷರಗಳು ಮಾತ್ರ ಎಲ್ಲ ಕಡೆಗೂ ಹರಡಿರುತ್ತವೆ.

ಹಳೆಯ ವ್ಯಾಪಾರಿಗಳು ‘ಲಖಿ’ ಎನ್ನುವ ನಾಣ್ಯವೊಂದಿದೆ, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆಂಬ ನಂಬಿಕೆ ಅದರ ಬೆನ್ನಿಗಿದೆ. ಸಂಗ್ರಾಹಕರ ಮಾತಿನಲ್ಲಿ ಬ್ರೋಕೇಜ್. ಟಂಕಿಸಿದ ನಾಣ್ಯ ಹೊರಗೆ ಬೀಳದೆ ಮೇಲಿನ ಅಚ್ಚಿಗೆ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆಗೆ ಕೆಳಗಿನಿಂದ ಅಚ್ಚಿನ ಏಟು, ಮೇಲಿನಿಂದ ಅಂಟಿದ ನಾಣ್ಯದ ಏಟು. ಹಾಗಾಗಿ ಒಂದು ಕಡೆ ಸಿಂಹ ಉಬ್ಬಿ ನಿಂತರೆ, ಇನ್ನೊಂದು ಕಡೆ ಅದೇ ಸಿಂಹ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಅಂಟಿದ ನಾಣ್ಯದ ಮೊದಲ ಏಟಿಗೆ ಬಂದದ್ದು ಚೂಪಾಗಿರುತ್ತದೆ. ಆಮೇಲೆ ಅಂಟಿದ ನಾಣ್ಯವೇ ಹರಡುತ್ತಾ ಹೋಗುವುದರಿಂದ ಚಿತ್ರ ದೊಡ್ಡದಾಗಿ ಮಸುಕಾಗುತ್ತದೆ. ಚೂಪಾದದ್ದಕ್ಕೆ ಬೆಲೆ ಹೆಚ್ಚು.

ಇದರ ನಕಲೇ ಪೇಟೆಯಲ್ಲಿ ಹೆಚ್ಚು. ಎರಡು ನಾಣ್ಯವನ್ನು ವೈಸಿನಲ್ಲಿಟ್ಟು ಬಿಗಿದರೆ ಒಂದರ ಗುರುತು ಇನ್ನೊಂದಕ್ಕೆ ತಗ್ಗಾಗಿ, ತಿರುಗಿ ಮೂಡುತ್ತದಲ್ಲ! ಆದರೆ ಆ ನಾಣ್ಯಕ್ಕೆ ಮೊದಲೇ ತನ್ನದೇ ಚಿತ್ರವಿತ್ತು. ಲೂಪಿನಲ್ಲಿ ನೋಡಿದರೆ ತಗ್ಗು ಅಕ್ಷರಗಳ ನಡುವೆ ಹಳೆಯ ಚಿತ್ರ ಚಪ್ಪಟೆಯಾಗಿ ಇಣುಕುತ್ತಿರುತ್ತದೆ. ಮೊದಲೇ ಉಜ್ಜಿ ನುಣುಪು ಮಾಡಿ ಒತ್ತಿದ್ದಾರೋ, ತೂಕ ಕಡಿಮೆಯಾಗಿರುತ್ತದೆ. ಹಿಂಬದಿಯ ಉಬ್ಬಿದ ಭಾಗಗಳ ನೆತ್ತಿ ಸಪಾಟಾಗಿದ್ದರೆ ವೈಸಿನ ಬಾಯಿ ಅಲ್ಲಿ ತಾಗಿದೆ. ಈ ಮೂರು ಪರೀಕ್ಷೆಯಲ್ಲಿ ಗೆಲ್ಲುವ ನಕಲಿ ಲಖಿ ವಿರಳ.

ಎರಡೂ ಕಡೆ ಸಿಂಹ ಉಬ್ಬಿಯೇ ಇರುವ ನಾಣ್ಯ ಜಾದೂಗಾರರ ನಾಣ್ಯವಾಗಿರುವುದೇ ಹೆಚ್ಚು. ಎರಡು ನಾಣ್ಯವನ್ನು ಲೇತಿನಲ್ಲಿ ಕೊರೆದು ಕೂಡಿಸಿರುತ್ತಾರೆ. ಅಂಚುಕಟ್ಟಿನ ಒಳಸುತ್ತಿನಲ್ಲಿ ಕೂದಲೆಳೆಯ ಸಂದು ಹುಡುಕಿ. ಕಲ್ಲಿನ ಮೇಲೆ ಬೀಳಿಸಿದರೆ ಠಣ್ ಎನ್ನದೆ ಠಪ್ ಎನ್ನುತ್ತದೆ.

ಹತ್ತು ರೂಪಾಯಿಯ ಮಾತು ಬೇರೆ. ಹೊರಗೊಂದು ಬಳೆ, ಒಳಗೊಂದು ಬಿಲ್ಲೆ, ಎರಡೂ ಅಚ್ಚಿನ ಒತ್ತಡಕ್ಕೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಳಬಿಲ್ಲೆಯೇ ಇಲ್ಲದೆ ಏಟು ಬಿದ್ದ ನಾಣ್ಯಕ್ಕೆ ಒಳ್ಳೆಯ ಬೆಲೆ ಇದೆ. ಅದರಲ್ಲಿ ತಡೆಯುವವರಿಲ್ಲದೆ ಬಳೆಯ ಲೋಹ ಒಳಕ್ಕೆ ಹರಿದು ತೂತಿನ ಅಂಚು ನಯವಾಗಿ, ತೂತು ತುಸು ಕಿರಿದಾಗಿರುತ್ತದೆ. ಸುತ್ತಿಗೆಯಲ್ಲಿ ಒಳಬಿಲ್ಲೆ ಉದುರಿಸಿದ್ದರೆ ಬೆಸುಗೆಯ ಏಣು ಹಾಗೇ ಉಳಿದಿರುತ್ತದೆ, ಒಂದು ಕಡೆ ಲೋಹ ಕಿತ್ತು ಬಂದಿರುತ್ತದೆ. ಒಳಬಿಲ್ಲೆ ತಿರುವುಮುರುವಾಗಿ ಕೂತ ಹತ್ತು ರೂಪಾಯಿಯನ್ನಂತೂ ದೂರದಿಂದಲೇ ಕೈಮುಗಿದು ಕಳಿಸಿ. ಚಿತ್ರ ಮೂಡುವುದು ಎರಡನ್ನೂ ಒಟ್ಟಿಗಿಟ್ಟು ಬೆಸೆಯುವ ಅದೇ ಏಟಿಗೆ. ತಿರುವಿದ ಒಳಬಿಲ್ಲೆಗೆ ಸರಿಯಾದ ಚಿತ್ರ ಬರಲು ಟಂಕಸಾಲೆಯಲ್ಲಿ ದಾರಿಯೇ ಇಲ್ಲ. ನಾಣ್ಯದ ಮೇಲೆ ಕಿರಣದಂಥ ಗೆರೆ ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ಎರರ್ ಎಂಬುದೂ ಸುಳ್ಳು. ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಪ್ರಕಟಣೆ ಹೊರಡಿಸಿದೆ.

ಅಚ್ಚಿನ ದೋಷಕ್ಕೆ ಒಂದೇ ಸೂತ್ರ ಸಾಕು. ಅಚ್ಚು ಬಿರಿದರೆ ಆ ಬಿರುಕಿಗೆ ಲೋಹ ನುಗ್ಗುತ್ತದೆ, ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ತಗ್ಗಾದ ಗೆರೆ ಗೀರು, ಅದಕ್ಕೆ ಬೆಲೆಯಿಲ್ಲ. ಸ್ಟೀಲ್ ಗಡಸು ಲೋಹವಾದ್ದರಿಂದ ಅಚ್ಚಿಗೆ ಅದು ಹೆಚ್ಚು ಹೊಡೆತ ಕೊಡುತ್ತದೆ, ಸ್ಟೀಲ್ ನಾಣ್ಯಗಳಲ್ಲಿ ಬಿರುಕಿನ ಗೆರೆ ಸಾಮಾನ್ಯ, ಬೆಲೆ ಅಲ್ಪ. ಅಚ್ಚಿನ ಅಂಚೇ ಒಡೆದು ಹೋಗಿ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ದಿಣ್ಣೆ ಮೂಡಿದ್ದರೆ ಮಾತ್ರ ಎತ್ತಿಡಿ. ಅದರ ಬೆನ್ನಿನ ಭಾಗ ಇನ್ನೊಂದು ಮುಖದಲ್ಲಿ ಮಸುಕಾಗಿರಬೇಕು.

ಇಸವಿಯ ಒಂದು ಅಂಕಿ ಇಲ್ಲ, ಒಂದು ಅಕ್ಷರ ಇಲ್ಲ ಎಂದು ಬರುವವು ಹೆಚ್ಚಾಗಿ ಗ್ರೀಸ್ ತುಂಬಿದ ಅಚ್ಚಿನವು. ಅಕ್ಷರದ ನೆರಳು ಅಲ್ಲಿ ಉಳಿದಿರುತ್ತದೆ, ಮೇಲ್ಮೈ ಸುತ್ತಲಿನಂತೆಯೇ ಇರುತ್ತದೆ. ಕೆರೆದು ಅಳಿಸಿದ್ದರೆ ಆ ಜಾಗದ ಹೊಳಪೇ ಬೇರೆ. ಅಕ್ಷರ ಜೋಡಿಯಾಗಿ ಕಾಣುವ ನಾಣ್ಯಗಳಲ್ಲೂ ಎರಡು ಬಗೆ. ಅಚ್ಚಿಗೇ ಚಿತ್ರ ಎರಡು ಸಲ ಬಿದ್ದಿದ್ದರೆ ಅಕ್ಷರದ ತುದಿಗಳು ಸೀಳಿ ಎರಡೂ ದುಂಡಗೆ ಎದ್ದಿರುತ್ತವೆ. ಅಚ್ಚು ಸಡಿಲವಾಗಿ ಏಟಿನ ಕ್ಷಣದಲ್ಲಿ ಅಲುಗಿದ್ದರೆ ಅಕ್ಷರದ ಪಕ್ಕ ಮೆಟ್ಟಿಲಿನಂತೆ ಚಪ್ಪಟೆಯಾದ ಅಂಚು ಬರುತ್ತದೆ. ಎರಡನೆಯದು ಚಿಲ್ಲರೆಯಲ್ಲಿ ಧಾರಾಳ. ‘ಡಬಲ್’ ಎಂದು ಮಾರಾಟಕ್ಕಿಡುವವರು ತೋರಿಸುವುದು ಬಹುಮಟ್ಟಿಗೆ ಇದನ್ನೇ.

ಅಚ್ಚು ತಿರುಗಿದ್ದನ್ನು ನೋಡುವ ಕ್ರಮ: ಸಿಂಹದ ಮುಖ ನೆಟ್ಟಗಿರುವಂತೆ ನಾಣ್ಯದ ನೆತ್ತಿ ಮತ್ತು ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯದಲ್ಲಿ ಹಿಂಬದಿಯೂ ನೆಟ್ಟಗೆ ಬರಬೇಕು. ಹತ್ತು ಹದಿನೈದು ಡಿಗ್ರಿ ವಾಲಿದ್ದು ಮಾಮೂಲು. 90 ಅಥವಾ 180 ಡಿಗ್ರಿ ತಿರುಗಿದ್ದನ್ನು ಕೊಳ್ಳುವವರಿದ್ದಾರೆ. ಅಮೆರಿಕದ ನಾಣ್ಯ ಹೀಗೆ ತಿರುಗಿಸಿದರೆ ತಲೆಕೆಳಗಾಗುತ್ತದೆ, ಅದು ಅವರ ಪದ್ಧತಿ.

ಈ ಸೀಮೆಯವರಾಗಿ ಶ್ರೀರಂಗಪಟ್ಟಣದ ನಾಣ್ಯಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಟಿಪ್ಪುವಿನ ಕಾಲದ ಆನೆಯ ಚಿತ್ರದ ತಾಮ್ರದ ಕಾಸುಗಳಲ್ಲಿ ಚಿತ್ರ ಪಕ್ಕಕ್ಕೆ ಸರಿದಿರುವುದು, ಸೊಂಡಿಲೋ ಬಾಲವೋ ಬಿಟ್ಟುಹೋಗಿರುವುದು ತಪ್ಪಲ್ಲ. ಅವು ಕಾಲರ್ ಇಲ್ಲದೆ, ಕೈಯಲ್ಲಿ ಸುತ್ತಿಗೆ ಹಿಡಿದು ಟಂಕಿಸಿದವು. ಸರಿಯುವುದೇ ಅಲ್ಲಿ ನಿಯಮ, ನಡುವಿಗೆ ಬಿದ್ದದ್ದೇ ಅಪರೂಪ. ಹಾಗಾಗಿ ಯಂತ್ರದ ನಾಣ್ಯಕ್ಕೆ ತದ್ವಿರುದ್ಧವಾಗಿ ಇಲ್ಲಿ ಪೂರ್ತಿ ಆನೆ, ಪೂರ್ತಿ ‘ಪಟನ್’ ಎಂಬ ಟಂಕಸಾಲೆಯ ಹೆಸರು, ಪೂರ್ತಿ ಇಸವಿ ಇರುವುದಕ್ಕೇ ಬೆಲೆ. ಟಿಪ್ಪು ತನ್ನದೇ ಮೌಲೂದಿ ಶಕೆ ತಂದ ಮೇಲಿನ ನಾಣ್ಯಗಳಲ್ಲಿ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ಅದನ್ನು ‘ಅಂಕಿ ಉಲ್ಟಾ ಆಗಿದೆ, ಎರರ್’ ಎಂದು ಹೇಳಿ ಬೆಲೆ ಏರಿಸುವುದು ಸರಿಯಲ್ಲ. ಎರಕ ಹೊಯ್ದ ನಕಲಿಯಲ್ಲಿ ಮೇಲ್ಮೈ ತುಂಬ ಸೂಜಿಮೊನೆಯ ತೂತು, ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ, ಸೋಪಿನಂತೆ ಮೊಂಡಾದ ಅಕ್ಷರ ಕಾಣುತ್ತವೆ. ರಾಮನ ಪರಿವಾರ ಅಥವಾ ಹನುಮಂತನ ಚಿತ್ರವಿದ್ದು 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ’ ಕಂಪನಿ ಹೊರಡಿಸಿದ್ದೇ ಅಲ್ಲ, ಎಷ್ಟು ಹಳೆಯದಾಗಿ ಕಂಡರೂ ಅಲ್ಲ.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಸಿಕ್ಕ ನಾಣ್ಯದ ಗಡಿಗೆಯನ್ನು ಹಂಚಿಕೊಳ್ಳದೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಕಾಯ್ದೆ ಅದಕ್ಕೆಂದೇ ಇದೆ.

ಈಗ ಬೆಲೆ. ಮಾರುವವನು ಕೇಳುವ ಬೆಲೆ ಬೆಲೆಯಲ್ಲ, ಕೊಂಡವನು ಕೊಟ್ಟದ್ದು ಬೆಲೆ. ಹರಾಜಿನ ಸಂಸ್ಥೆಗಳು ಮುಗಿದ ಹರಾಜಿನ ಪಟ್ಟಿಯನ್ನು ಪ್ರಕಟಿಸುತ್ತವೆ. ಅದೇ ಮುಖಬೆಲೆ, ಅದೇ ಬಗೆಯ ದೋಷ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣ, ಇತ್ತೀಚಿನ ಒಂದೆರಡು ವರ್ಷದ ಮೂರು ಮಾರಾಟವನ್ನಾದರೂ ಹುಡುಕಿ. ಅತಿ ಹೆಚ್ಚಿನದನ್ನು ಬಿಟ್ಟುಬಿಡಿ, ಇಬ್ಬರು ಹಠಕ್ಕೆ ಬಿದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಉಳಿದವುಗಳ ಆಸುಪಾಸು ನಿಮ್ಮದು. ಅದರಲ್ಲೂ ಕೈಗೆ ಬರುವುದು ಪೂರ್ತಿಯಲ್ಲ. 3,000 ರೂಪಾಯಿಗೆ ಕೂಗು ನಿಂತು, ಸಂಸ್ಥೆ ಮಾರುವವರಿಂದ ಶೇ. 10 ಹಿಡಿಯುವುದಾದರೆ ನಿಮಗೆ 2,700. ಅದೇ ನಾಣ್ಯಕ್ಕೆ ಅಂಗಡಿಯವರು 1,500ರಿಂದ 2,000 ಹೇಳಿದರೆ ಅದು ಮೋಸವಲ್ಲ. ಅವರು ಬಂಡವಾಳ ಹಾಕಿ, ಗಿರಾಕಿ ಸಿಗುವವರೆಗೆ ಕಾಯಬೇಕು.

ಬೆಲೆಯನ್ನು ಏರಿಸುವುದು ಕಣ್ಣಿಗೆ ರಾಚುವ ದೋಷ, ಉಳಿದಿರುವ ಇಸವಿ, ಚಲಾವಣೆಯಾಗದ ಹೊಳಪು ಮತ್ತು ಆ ಸರಣಿಯಲ್ಲಿ ಅಂಥದ್ದರ ಅಪರೂಪ. ದೋಷವನ್ನು ತೋರಿಸಲು ಲೂಪ್ ಬೇಕಾದರೆ ಬೆಲೆ ಕಡಿಮೆ, ಮಾರು ದೂರದಿಂದ ಕಂಡರೆ ಹೆಚ್ಚು ಎಂಬುದು ಒಂದು ಅಂದಾಜು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಲ್ಲಿ ದೊಡ್ಡ ದೋಷ ಸಿಕ್ಕರೆ ಇಂದಿನ ಸ್ಟೀಲಿನದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಅದಕ್ಕೇ ಅದರ ನಕಲೂ ಹೆಚ್ಚು. 11.66 ಗ್ರಾಂ ಆಸುಪಾಸು ತೂಗದಿದ್ದರೆ ಮೊದಲು ಅನುಮಾನ, ಆಮೇಲೆ ಮಾತು. ವಿದೇಶಿ ಸಂಸ್ಥೆಗಳಿಂದ ನಾಣ್ಯದ ಗುಣಮಟ್ಟಕ್ಕೆ ಶ್ರೇಣಿ ಹಾಕಿಸಿ, ಮೊಹರಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸುವುದು ದುಬಾರಿ. ಆ ಖರ್ಚಿನ ನಾಲ್ಕೈದು ಪಟ್ಟು ಬೆಲೆ ಬರುವ ನಾಣ್ಯಕ್ಕೆ ಮಾತ್ರ ಅದು ತಕ್ಕುದು. ಮತ್ತೊಂದು ಮಾತು: ಕಣ್ಣು ಕುಕ್ಕುವ ಎರರ್‌ಗಳನ್ನು ಒಬ್ಬನೇ ಹಿಡಿತುಂಬ ತಂದರೆ ಎಲ್ಲಿಂದ ಬಂದವು ಎಂದು ಕೇಳಿ. ಚೀಲದಲ್ಲಿ ಹಾದು ಬರುವ ತಪ್ಪುಗಳು ಒಂದೊಂದಾಗಿ ಬರುತ್ತವೆ, ಗುಂಪಾಗಿ ಅಲ್ಲ.

ಮನೆಯಲ್ಲಿರುವ ಒಳ್ಳೆಯ ನಾಣ್ಯ ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಹಿತ್ತಾಳೆ ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ. ಹುಳಿ ಲೋಹದ ಮೇಲ್ಪದರವನ್ನು ತಿನ್ನುತ್ತದೆ, ಪುಡಿ ಗೀರು ಹಾಕುತ್ತದೆ. ಒಮ್ಮೆ ಬೆಳಗಿದ ನಾಣ್ಯದ ಮೇಲೆ ಟಂಕಸಾಲೆಯ ಹೊಳಪು ಮತ್ತೆ ಬರುವುದಿಲ್ಲ, ಅರ್ಧ ಬೆಲೆ ಅಲ್ಲಿಗೇ ಹೋಯಿತು. ಲಕ್ಷ್ಮೀಪೂಜೆಗೆ ಇಟ್ಟ ನಾಣ್ಯದ ಅರಿಶಿನ-ಕುಂಕುಮ ಬಿಡಿಸಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ದಿನ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಮೃದುವಾದ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಕೆಲವೇ ವರ್ಷಕ್ಕೆ ತಾಮ್ರದ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕ ತಂದು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನಾಣ್ಯವನ್ನು ಹಿಡಿಯುವಾಗ ಅಂಚನ್ನು ಹಿಡಿಯಿರಿ, ಮುಖವನ್ನಲ್ಲ.

ಕೊನೆಗೆ ಹಣ ಕಳೆದುಕೊಳ್ಳುವ ದಾರಿ. ಕೊಳ್ಳುವವನು ಮಾರುವವನಿಂದ ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಅನುಮತಿ ಪತ್ರ ಎಂದು ಯಾರಾದರೂ ಮೊದಲೇ ಕಟ್ಟಿಸಿಕೊಳ್ಳಲು ಬಂದರೆ ಫೋನ್ ಇಟ್ಟುಬಿಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ತನ್ನ ಹೆಸರಲ್ಲಿ ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಆಗಲೇ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಂಪಾದಕರೇ, ತಮ್ಮಲ್ಲಿ ನಮ್ಮದೊಂದು ಕೋರಿಕೆ. ಇನ್ನು ಮುಂದೆ ಅಪರೂಪದ ನಾಣ್ಯದ ಸುದ್ದಿ ಪ್ರಕಟಿಸುವಾಗ ನಾಣ್ಯದ ತೂಕ, ಅಗಲ, ಅಯಸ್ಕಾಂತಕ್ಕೆ ಅಂಟುತ್ತದೋ ಇಲ್ಲವೋ ಎಂಬ ಮೂರು ವಿವರ, ಎರಡೂ ಮುಖ ಮತ್ತು ಅಂಚಿನ ಚಿತ್ರಗಳನ್ನು ಜೊತೆಗೆ ಹಾಕಿ. ‘ಬೆಲೆ ಇಷ್ಟು ಲಕ್ಷ’ ಎನ್ನುವ ಸಾಲಿನ ಬದಲು ಯಾವ ಹರಾಜಿನಲ್ಲಿ, ಯಾವ ವರ್ಷ, ಎಷ್ಟಕ್ಕೆ ಮಾರಾಟವಾಯಿತು ಎಂದು ಬರೆಯಿರಿ. ಮಾರಾಟವೇ ಆಗಿಲ್ಲದಿದ್ದರೆ ಅದನ್ನೂ ಬರೆಯಿರಿ. ಚಿತ್ರ ತೆಗೆಯಲು ದೊಡ್ಡ ಕ್ಯಾಮೆರಾ ಬೇಡ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ನೇರ ಬಿಸಿಲು ತಪ್ಪಿಸಿ, ಬಿಳಿ ಕಾಗದದ ಮೇಲೆ ಸ್ಕೇಲಿನ ಜೊತೆ ಇಟ್ಟು, ಫ್ಲ್ಯಾಶ್ ಆರಿಸಿ ಮೇಲಿನಿಂದ ನೇರಕ್ಕೆ ತೆಗೆದರೆ ಸಾಕು. ಅಂಚಿನ ಚಿತ್ರಕ್ಕೆ ನಾಣ್ಯವನ್ನು ಹಿಟ್ಟಿನ ಉಂಡೆಗೆ ಸಿಕ್ಕಿಸಿ ನಿಲ್ಲಿಸಬೇಡಿ, ತೇವ ಹಿಡಿಯುತ್ತದೆ. ಎರಡು ರಬ್ಬರಿನ ನಡುವೆ ನಿಲ್ಲಿಸಿ.

ಇಂತಿ ತಮ್ಮ ಓದುಗರು,
ನಾಣ್ಯ ಸಂಗ್ರಾಹಕರು, ಮೈಸೂರು ಮತ್ತು ಮಂಡ್ಯ